ಸೀಮೆಗಲ್ಲು ದಾಟದ ಬಂದೂಕು

ಬೈಲಹೊಂಗಲದಲ್ಲಿ ಮುಂಜಾನೆ ಬಸ್ಸು ಹತ್ತಿದರೆ ಮುರಗೋಡ, ಯರಗಟ್ಟಿ ಹಾಯ್ದು ಮಧ್ಯಾಹ್ನದ ಊಟದ ಹೊತ್ತಿಗೆ ಮೊದಲೇ ರಾಮದುರ್ಗದಲ್ಲಿ ಇಳಿಯಬಹುದು. ದಾರಿಯಲ್ಲಿ ಯಾರೂ ನಮ್ಮನ್ನು ತಡೆದು ನೀವು ಯಾರ ಪ್ರಜೆ, ನಿಮ್ಮ ಗಂಟಿನಲ್ಲಿ ಏನಿದೆ ಎಂದು ಕೇಳುವುದಿಲ್ಲ. ನಮ್ಮ ಅಜ್ಜಿಯರ ಕಾಲದಲ್ಲಿ ಹಾಗಿರಲಿಲ್ಲ. ಬೈಲಹೊಂಗಲ, ಕಿತ್ತೂರುಗಳು ಸಂಪಗಾಂವಿ ತಾಲೂಕಿನಲ್ಲಿದ್ದವು. ಸವದತ್ತಿ ಪರಸಗಡ ತಾಲೂಕಿನ ಕಸಬೆಯಾಗಿತ್ತು. ಇವೆರಡೂ ಇಂಗ್ರೇಜರ ಮುಂಬಯಿ ಇಲಾಖೆಯ ಸೀಮೆ. ರಾಮದುರ್ಗ ಭಾವೆ ಮನೆತನದ ಸಂಸ್ಥಾನ. ಅದರ ಮಗ್ಗುಲಲ್ಲೇ ಇರುವ ತೊರಗಲ್ಲು ಕೊಲ್ಲಾಪುರದ ಅಧೀನದಲ್ಲಿದ್ದ ಶಿಂಧೆಯವರ ಜಹಗೀರು. ಆಚೆ ಮುಧೋಳ ಘೋರ್ಪಡೆಯವರದು, ಜಮಖಂಡಿ ಪಟವರ್ಧನರದು. ಒಂದೇ ಹೊಲದ ಬದುವಿನ ಈಚೆ ಒಬ್ಬ ದೊರೆ, ಆಚೆ ಇನ್ನೊಬ್ಬ. ಕಾಳು ಬಿತ್ತುವ ಕೂರಿಗೆ ಒಂದೇ, ಹಾಡುವ ಪದ ಒಂದೇ; ಕಾಗದದ ಮೇಲಿನ ಮೊಹರು ಮಾತ್ರ ಬೇರೆ ಬೇರೆ.

ನನ್ನ ಅಜ್ಜಿ ರಾಮದುರ್ಗ ಸಂಸ್ಥಾನದ ಹಳ್ಳಿಯಲ್ಲಿ ಹುಟ್ಟಿ ಪರಸಗಡ ತಾಲೂಕಿನ ಹಳ್ಳಿಗೆ ಸೊಸೆಯಾಗಿ ಬಂದವಳು. ಹೆಣ್ಣಿನವರ ಚಕ್ಕಡಿಗಳು ಹೊರಟಾಗ ಮೈಮೇಲಿನ ವಸ್ತು-ಒಡವೆಗಳ ಕಾವಲಿಗೆಂದು ಅವಳ ಸೋದರಮಾವ ಹೆಗಲ ಮೇಲೆ ಬಂದೂಕು ಇಟ್ಟುಕೊಂಡು ಮುಂದೆ ನಡೆದಿದ್ದನಂತೆ. ಸಂಸ್ಥಾನದ ಕಡೆಯ ಊರು ಬಂದಾಗ ಅದನ್ನು ಗೌಡರ ಮನೆಯಲ್ಲಿ ಇಟ್ಟು, ಕೈಯಲ್ಲಿ ಒಂದು ಬಡಿಗೆ ಹಿಡಿದು ಮುಂದೆ ಬಂದನಂತೆ. ನಾವು ಚಿಕ್ಕವರು, “ಯಾಕಬೇ ಆಯಿ, ಕಳ್ಳರು ಈ ಕಡೇನೂ ಇರತಿದ್ರಲ್ಲ?” ಎಂದು ಕೇಳಿದರೆ ಅವಳು ನಕ್ಕು, “ಕಳ್ಳರಿಗೆ ಸೀಮಿ ಇರಲಿಲ್ಲ ಯವ್ವಾ, ಬಂದೂಕಿಗೆ ಇತ್ತು. ರಾಮದುರ್ಗದ ಚೀಟಿ ಇಂಗ್ರೇಜರ ಹದ್ದಿನ್ಯಾಗ ನಡೀತಿದ್ದಿಲ್ಲ” ಎನ್ನುತ್ತಿದ್ದಳು.

ಓದು ಬರಹ ಬಾರದ ನಮ್ಮ ಅಜ್ಜಿ ಒಂದು ಮಾತಿನಲ್ಲಿ ಹೇಳಿದ ಈ ಪ್ರಶ್ನೆಯ ಮೇಲೆ ಇಂದು ಅಮೇರಿಕ ದೇಶದಲ್ಲಿ ದೊಡ್ಡ ವಾದವೇ ನಡೆದಿದೆ. ಅಲ್ಲಿ 50 ರಾಜ್ಯಗಳು. ಬಟ್ಟೆಯ ಒಳಗೆ ಪಿಸ್ತೂಲು ಮರೆಮಾಡಿ ಇಟ್ಟುಕೊಂಡು ಓಡಾಡಲು ಯಾರಿಗೆ ಪರವಾನಿಗೆ ಕೊಡಬೇಕು ಎನ್ನುವುದನ್ನು ಒಂದೊಂದು ರಾಜ್ಯ ಒಂದೊಂದು ರೀತಿ ಗೊತ್ತುಮಾಡುತ್ತದೆ. ಕೆಲವು ರಾಜ್ಯಗಳು ತರಬೇತಿ ಆಗಿರಬೇಕು, ನಡತೆ ಸರಿ ಇರಬೇಕು ಎನ್ನುತ್ತವೆ. ಟೆಕ್ಸಾಸಿನಂಥ ರಾಜ್ಯದಲ್ಲಿ 2021ರಿಂದ ಪರವಾನಿಗೆಯೇ ಇಲ್ಲದೆ ಒಯ್ಯಬಹುದು. ಹಾಗಾದರೆ ಒಂದು ರಾಜ್ಯ ಕೊಟ್ಟ ಪರವಾನಿಗೆಯನ್ನು ನೆರೆಯ ರಾಜ್ಯ ಒಪ್ಪಲೇಬೇಕೆ? ಒಪ್ಪಲೇಬೇಕು ಎನ್ನುವ ಮಸೂದೆಗೆ ಅಲ್ಲಿಯ ಪ್ರತಿನಿಧಿ ಸಭೆ 2017ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಸೆನೆಟ್ಟಿನಲ್ಲಿ ಅದು ಮುಂದೆ ಸಾಗಲಿಲ್ಲ. 2025ರ ಜನವರಿಯಲ್ಲಿ ಮತ್ತೆ ಅದೇ ಮಸೂದೆಯನ್ನು ಮಂಡಿಸಿದರು. ಒಪ್ಪಬೇಕೆನ್ನುವವರು, ನಮ್ಮ ವಾಹನ ನಡೆಸುವ ಲೈಸೆನ್ಸು ಎಲ್ಲ ಕಡೆ ನಡೆಯುತ್ತದೆ, ನಮ್ಮ ಮದುವೆ ಎಲ್ಲ ಕಡೆ ಮದುವೆಯೇ, ರಾಜ್ಯದ ಗೆರೆ ದಾಟಿದ ಕೂಡಲೇ ನನ್ನ ಜೀವ ಕಾಪಾಡಿಕೊಳ್ಳುವ ಹಕ್ಕು ಮಾತ್ರ ಸತ್ತುಹೋಗುವುದೇ ಎಂದು ಕೇಳುತ್ತಾರೆ. ಒಪ್ಪಬಾರದೆನ್ನುವವರು, ನೀವು ಯಾರನ್ನು ಏನೂ ಕೇಳದೆ ಬಿಟ್ಟಿರುವಿರೋ ಅಂಥವರನ್ನು ನಮ್ಮ ಬೀದಿಯಲ್ಲಿ, ನಮ್ಮ ಮಕ್ಕಳ ಶಾಲೆಯ ಮುಂದೆ ನಾವೇಕೆ ನಂಬಬೇಕು ಎನ್ನುತ್ತಾರೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಫೋನಿನಲ್ಲಿ ಈ ಸುದ್ದಿ ಹೇಳಿ, “ಇದು ನಮ್ಮ ಕಡೆ ಎಂದೂ ಇಲ್ಲದ ಜಗಳ ನೋಡ್ರಿ ಟೀಚರ್” ಎಂದಳು. ನಮ್ಮ ಕಡೆ ಇಲ್ಲದ್ದೇನಲ್ಲ. ಈ ಜಗಳದಲ್ಲಿ ನಮ್ಮ ನೆಲ ರಕ್ತವನ್ನೇ ಕಂಡಿದೆ. ಅದನ್ನು ಅವಳಿಗೆ ಹೇಳಿದಷ್ಟೇ ಸರಳವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಿತ್ತೂರಿನ ಮಾತು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರ ಕೋಟೆಯ ಮುಂದೆ ಸತ್ತದ್ದು, ಡಿಸೆಂಬರಿನಲ್ಲಿ ಕೋಟೆ ಬಿದ್ದು ರಾಣಿ ಚೆನ್ನಮ್ಮ ಸೆರೆಯಾದದ್ದು, ಬೈಲಹೊಂಗಲದಲ್ಲಿ 1829ರಲ್ಲಿ ಅವಳ ಉಸಿರು ನಿಂತದ್ದು ನಮ್ಮ ಮನೆಯ ಮಕ್ಕಳಿಗೆಲ್ಲ ಬಾಯಿಪಾಠ. ಆದರೆ ಚೆನ್ನಮ್ಮನ ಕೈಯ ಖಡ್ಗವನ್ನು ನೋಡಿದ ನಾವು ಅವಳ ಬೆನ್ನ ಹಿಂದೆ ನಿಂತವರ ಕೈಯ ಆಯುಧ ಎಲ್ಲಿಂದ ಬಂತು ಎಂದು ಕೇಳುವುದಿಲ್ಲ. ಕಿತ್ತೂರ ನಾಡಿನ ಹಳ್ಳಿಗಳಲ್ಲಿ ಶೇತಸನದಿಗಳೆಂಬವರಿದ್ದರು. ಸಂಸ್ಥಾನ ಅವರಿಗೆ ಹೊಲ ಬಿಟ್ಟುಕೊಟ್ಟಿರುತ್ತಿತ್ತು. ಕರೆ ಬಂದಾಗ ಅವರು ಆಯುಧ ಹಿಡಿದು ಬರಬೇಕು, ಉಳಿದ ಕಾಲದಲ್ಲಿ ಊರು ಕಾಯಬೇಕು. ಸಂಗೊಳ್ಳಿ ರಾಯಣ್ಣ ಅಂಥ ಶೇತಸನದಿ. ಅವನಿಗೆ ಆಯುಧ ಹಿಡಿಯುವ ಪರವಾನಿಗೆ ಎಂದರೆ ಅವನ ಹೊಲವೇ. ಕಾಗದ ಬೇಕಿರಲಿಲ್ಲ, ಊರಿನ ನಾಲ್ಕು ಮಂದಿಗೆ ಇವನಾರು, ಇವನಪ್ಪ ಯಾರು ಎಂದು ಗೊತ್ತಿತ್ತು. ಕಿತ್ತೂರು ಕಂಪನಿಯ ಕೈಸೇರಿದ ಮೇಲೆ ಈ ಮಾನ್ಯದ ಹೊಲಗಳಿಗೆ ಕುತ್ತು ಬಂತು. ಹೊಲ ಹೋಯಿತೆಂದರೆ ಆಯುಧದ ಮರ್ಯಾದೆಯೂ ಹೋಯಿತು. ನಿನ್ನೆಯವರೆಗೆ ಊರ ಕಾವಲುಗಾರನಾಗಿದ್ದವನು ಇಂದು ಅದೇ ಕತ್ತಿ ಹಿಡಿದು ಅದೇ ಓಣಿಯಲ್ಲಿ ನಡೆದರೆ ದಂಗೆಕೋರ. ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು.

ಮುಂದೆ 26 ವರ್ಷ ಕಳೆದವು. ಉತ್ತರದಲ್ಲಿ ಸಿಪಾಯಿಗಳು ಎದ್ದ 1857ರ ಸಪ್ಟೆಂಬರಿನಲ್ಲಿ ಕಂಪನಿ ಸರಕಾರ ಆಯುಧಗಳ ಬಗ್ಗೆ ಹೊಸ ಕಾಯಿದೆ ತಂದಿತು. ಆ ವರ್ಷದ 28ನೆಯ ಕಾಯಿದೆ ಅದು. ಆಯುಧ ಮಾಡಲು, ಮಾರಲು, ಇಟ್ಟುಕೊಳ್ಳಲು ಇನ್ನು ಸರಕಾರದ ಅಪ್ಪಣೆ ಬೇಕು. ಕಾಯಿದೆಯೇನೋ ಕಂಪನಿಯ ಸೀಮೆಗೆ ಹೇಳಿದ್ದು. ಆದರೆ ಸಂಸ್ಥಾನಗಳ ನಡುವೆ ಹರಿದು ಹಂಚಿಹೋದ ನಮ್ಮಂಥ ನಾಡಿನಲ್ಲಿ ಅಷ್ಟರಿಂದ ಏನಾಗುತ್ತದೆ? ಇತ್ತಲ ಊರಿನಲ್ಲಿ ಆಯುಧ ಕಸಿದುಕೊಂಡರೆ ಅತ್ತಲ ಊರಿನಲ್ಲಿ ಉಳಿದೇ ಉಳಿಯುತ್ತದೆ. ಅದಕ್ಕೆ ಸಂಸ್ಥಾನಿಕರಿಗೂ, ನಿಮ್ಮ ಪ್ರಜೆಗಳ ಆಯುಧ ದಾಖಲೆ ಮಾಡಿಸಿರಿ, ತೋಪುಗಳನ್ನು ಒಪ್ಪಿಸಿರಿ ಎಂದು ಒತ್ತಾಯ ಬಂತು. ಹುಕುಮಿನ ಮೇಲೆ ಮೊಹರು ರಾಜರದು, ಮಾತು ಕಂಪನಿಯದು.

ಹಲಗಲಿ ಮುಧೋಳ ಸಂಸ್ಥಾನದ ಊರು. ಅಲ್ಲಿಯ ಬೇಡರಿಗೆ ಆಯುಧವೆಂದರೆ ಬೇಟೆ, ಕಾವಲು, ಮನೆತನದ ಮಾನ. ದಾಖಲೆ ಮಾಡಿಸಲು ಬನ್ನಿರೆಂದರೆ ಅವರು ಬರಲಿಲ್ಲ. 1857ರ ನವೆಂಬರ ಕಡೆಯಲ್ಲಿ ಇಂಗ್ರೇಜರ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೆ ಹಾಕಿದರು. ಲಾವಣಿಕಾರರು ಅದನ್ನು ಹಾಡು ಮಾಡಿದರು. ಇಂಗ್ರೇಜಿ ಅಧಿಕಾರಿಯಾಗಿದ್ದ ಫ್ಲೀಟ್ ಸಾಹೇಬರೇ ಆ ಲಾವಣಿಯನ್ನು ಸಂಗ್ರಹಿಸಿ 1880ರ ದಶಕದಲ್ಲಿ ಅಚ್ಚು ಹಾಕಿಸಿದರು. ನಮ್ಮ ಹತ್ತನೆಯ ತರಗತಿಯ ಕನ್ನಡ ಪುಸ್ತಕದಲ್ಲಿಯೂ ಅದು ಪಾಠವಾಗಿ ಬಂದಿತು.

ಮರುವರ್ಷ 1858ರ ಮೇ ತಿಂಗಳು. ಮುಂಡರಗಿಯ ಭೀಮರಾಯರು ಹಮ್ಮಿಗೆಯಲ್ಲಿ ಬಚ್ಚಿಟ್ಟಿದ್ದ ಆಯುಧಗಳು ಸರಕಾರದವರ ಕಣ್ಣಿಗೆ ಬಿದ್ದವು. ಇನ್ನು ತಡೆಯಲಾಗದೆಂದು ಭೀಮರಾಯರು ಎದ್ದರು. ಡಂಬಳದ ಖಜಾನೆಯನ್ನು ಹೊಡೆದು, ಗೆರೆ ದಾಟಿ, ನಿಜಾಮನ ಸೀಮೆಯಲ್ಲಿದ್ದ ಕೊಪ್ಪಳದ ಕೋಟೆ ಹೊಕ್ಕರು. ಜೂನ್ 1ರಂದು ಅಲ್ಲಿಯೇ ಮಡಿದರು. ನಿಜಾಮನ ಸೀಮೆ ಎಂದು ಇಂಗ್ರೇಜರ ದಂಡು ಹೊರಗೆ ನಿಲ್ಲಲಿಲ್ಲ.

ಅದೇ ದಿನಗಳಲ್ಲಿ ನರಗುಂದದ ಬಾಬಾಸಾಹೇಬ ಎಂಬ ಭಾಸ್ಕರರಾವ ಭಾವೆ ಕುದಿಯುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ, ದತ್ತಕ ತೆಗೆದುಕೊಳ್ಳಲು ಸರಕಾರ ಒಪ್ಪಿರಲಿಲ್ಲ, ಅದರ ಮೇಲೆ ತೋಪು ಮದ್ದುಗುಂಡು ಒಪ್ಪಿಸಬೇಕೆಂಬ ಮಾತು. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಅವರನ್ನು ಹಾದಿಗೆ ತರಲು ಹೊರಟು ರಾಮದುರ್ಗಕ್ಕೆ ಬಂದ. ರಾಮದುರ್ಗದ ದೊರೆ ನರಗುಂದದವರ ಮಲತಮ್ಮ. ಆದರೂ ಅವರು ಇಂಗ್ರೇಜರ ಪಕ್ಷ. ನರಗುಂದದ ದಾರಿ ಹಿಡಿಯಬೇಡಿರೆಂದು ಎಚ್ಚರಿಸಿದರು. ಮ್ಯಾನ್ಸನ್ ಕೇಳಲಿಲ್ಲ. ಇಂದಿನ ರಾಮದುರ್ಗ ತಾಲೂಕಿನ ಸುರೇಬಾನದಲ್ಲಿ ಮೇ 29ರ ರಾತ್ರಿ ನರಗುಂದದ ದಂಡು ಅವನನ್ನು ಕೊಂದಿತು. ಅವನ ತಲೆಯನ್ನು ನರಗುಂದಕ್ಕೆ ಒಯ್ದು ಅಗಸಿಗೆ ತೂಗುಹಾಕಿತು. ನಾಲ್ಕೇ ದಿನಗಳಲ್ಲಿ ನರಗುಂದ ಬಿತ್ತು. ಬಾಬಾಸಾಹೇಬರು ಪಂಢರಪುರಕ್ಕೆ ಹೊರಟ ಯಾತ್ರಿಕರ ವೇಷದಲ್ಲಿ ತೊರಗಲ್ಲಿನ ಅಡವಿ ಸೇರಿದರು. ತೊರಗಲ್ಲು ಕೊಲ್ಲಾಪುರದ ಹದ್ದು. ಧಾರವಾಡದ ಪೊಲೀಸ್ ಅಧಿಕಾರಿ ಸೌಟರ್ ಆ ಅಡವಿಯಲ್ಲಿಯೇ ಅವರನ್ನು ಹಿಡಿದ. ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಾಯಿತು. ಬಾಬಾಸಾಹೇಬರ ತಾಯಿಯೂ ಹೆಂಡತಿಯೂ ಮಲಪ್ರಭೆಗೆ ಹಾರಿ ಜೀವ ಬಿಟ್ಟರು.

ಈ ಎರಡು ವರ್ಷಗಳ ಕಥೆಯನ್ನು ತರಗತಿಯಲ್ಲಿ ಹೇಳುವಾಗ ನಾನು ಕಪ್ಪುಹಲಗೆಯ ಮೇಲೆ ಒಂದು ನಕಾಶೆ ಬರೆಯುತ್ತೇನೆ. ರಾಮದುರ್ಗ, ಮುಧೋಳ, ತೊರಗಲ್ಲು, ಕೊಪ್ಪಳ, ಎಲ್ಲಕ್ಕೂ ಗೆರೆ ಎಳೆಯುತ್ತೇನೆ. ಆಮೇಲೆ ಮಕ್ಕಳನ್ನು ಕೇಳುತ್ತೇನೆ: ಈ ಗೆರೆಗಳು ಯಾರಿಗೆ ಇದ್ದವು? ಹಲಗಲಿಯವರು ಮುಧೋಳದ ಪ್ರಜೆಗಳಾಗಿದ್ದರೂ ಕಂಪನಿಯ ಕಾಯಿದೆ ಅವರ ಗುಡಿಸಲಿಗೆ ಬಂತು. ಕೊಪ್ಪಳ, ತೊರಗಲ್ಲುಗಳಿಗೆ ಇಂಗ್ರೇಜರ ಬಂದೂಕು ಕೇಳದೆ ಹೋಯಿತು. ಗೆರೆ ಇದ್ದದ್ದು ನಮ್ಮ ಅಜ್ಜಿಯ ಸೋದರಮಾವನಂಥವರಿಗೆ ಮಾತ್ರ.

ಅದನ್ನು ಕಾಗದದ ಮೇಲೆ ಗಟ್ಟಿಮಾಡಿದ್ದು 1878ರ ಆಯುಧ ಕಾಯಿದೆ. ಲಾರ್ಡ್ ಲಿಟ್ಟನ್ ಆಗ ವೈಸರಾಯ್. ದೇಶೀ ಭಾಷೆಯ ಪತ್ರಿಕೆಗಳ ಬಾಯಿ ಕಟ್ಟಿದ ಕಾಯಿದೆಯೂ ಅದೇ ವರ್ಷದ್ದು. ಪತ್ರಿಕೆಗಳ ಕಾಯಿದೆಯನ್ನು ಮುಂದೆ ಲಾರ್ಡ್ ರಿಪನ್ ತೆಗೆದುಹಾಕಿದ. ಆಯುಧ ಕಾಯಿದೆ ಉಳಿಯಿತು. ಅದರ ಪ್ರಕಾರ ಇಂಗ್ರೇಜರ ಸೀಮೆಯಲ್ಲಿ ಬಂದೂಕಿಗೆ ಲೈಸೆನ್ಸು ಬೇಕು. ಹೊರಗಿನ ಸೀಮೆಯಿಂದ ಒಳಗೆ ತರಲು, ಒಳಗಿನಿಂದ ಹೊರಗೆ ಒಯ್ಯಲು ಬೇರೆ ಅಪ್ಪಣೆ ಬೇಕು. ಯುರೋಪಿಯನ್ನರಿಗೆ ಮಾತ್ರ ಅದರಿಂದ ರಿಯಾಯಿತಿ. ಬಿಳಿಯ ಬಣ್ಣವೇ ಎಲ್ಲ ಕಡೆ ನಡೆಯುವ ಪರವಾನಿಗೆ. ಸಂಸ್ಥಾನದ ಅರಸರಿಗೂ ವಿನಾಯಿತಿ ಇತ್ತು. ಬಣ್ಣದ ಈ ಭೇದ ನಿಯಮಗಳಿಂದ ಹೋದದ್ದು 1920ರ ಸುಮಾರಿಗೆ. ಅಷ್ಟರೊಳಗೆ ನಲವತ್ತು ವರ್ಷ ಕಳೆದಿದ್ದವು.

ನಮ್ಮ ರಾಜ್ಯದಲ್ಲಿಯೇ ಇನ್ನೊಂದು ನಾಡಿನ ಕಥೆ ಇದಕ್ಕೆ ತದ್ವಿರುದ್ಧವಾಗಿದೆ. ಕೊಡಗಿನಲ್ಲಿ ಜಮ್ಮಾ ಹಿಡುವಳಿ ಎಂಬುದಿದೆ. ಅಲ್ಲಿಯೂ ನಮ್ಮ ಶೇತಸನದಿಗಳಂತೆ ಹೊಲಕ್ಕೂ ಆಯುಧದ ಸೇವೆಗೂ ನಂಟು. ಆದರೆ 1857ರಲ್ಲಿ ಕೊಡಗು ಇಂಗ್ರೇಜರ ಮೇಲೆ ಏಳಲಿಲ್ಲ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಆಯುಧ ಕಸಿಯುವ ಕಾಯಿದೆಯಿಂದ ಬಿಟ್ಟುಬಿಟ್ಟ. ಆ ವಿನಾಯಿತಿ ರೂಪ ಬದಲಿಸುತ್ತ ಇಂದಿಗೂ ನಡೆದುಬಂದಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೇಂದ್ರ ಸರಕಾರ 2019ರ ಅಕ್ಟೋಬರಿನಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ನನಗೆ ಕುತೂಹಲವೆನಿಸಿದ್ದು ಆ ವಿನಾಯಿತಿಗೆ ಹಾಕಿದ್ದ ಷರತ್ತು. ಕೊಡಗಿನ ಹೊರಗೆ ಇರುವಾಗ, ಪ್ರವಾಸದಲ್ಲಿರುವಾಗ ಒಂದು ರೈಫಲ್ಲು ಮತ್ತು 100 ತೋಟೆ, ಒಂದು ಸಾದಾ ನಳಿಗೆಯ ಬಂದೂಕು ಮತ್ತು 500 ತೋಟೆ, ಇಷ್ಟಕ್ಕಿಂತ ಹೆಚ್ಚು ಇರಬಾರದು. ಅಂದರೆ ಅವರ ಮರ್ಯಾದೆ ಸೀಮೆಗಲ್ಲು ದಾಟಿ ಹೊರಗೂ ನಡೆಯುತ್ತಿತ್ತು, ಲೆಕ್ಕ ಇಟ್ಟು.

ಎರಡು ನಾಡು, ಒಂದೇ ಬಗೆಯ ಜನ, ಒಂದೇ ಬಗೆಯ ಹೊಲ. ಒಬ್ಬರ ಆಯುಧಕ್ಕೆ ಪೂಜೆ ಉಳಿಯಿತು, ಇನ್ನೊಬ್ಬರ ಆಯುಧ ಬಾವಿ ಸೇರಿತು ಇಲ್ಲವೆ ಹಗೇವಿನಲ್ಲಿ ತುಕ್ಕು ಹಿಡಿಯಿತು. ಕೊಡವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಯಾರನ್ನು ನಂಬಬೇಕು ಎನ್ನುವುದನ್ನು ಅಂದಿನ ಸರಕಾರ ಅವನ ನಡತೆ ನೋಡಿ ತೀರ್ಮಾನಿಸಲಿಲ್ಲ. ಅವನು ತನಗೆ ಅಡ್ಡ ಬಂದನೋ ಇಲ್ಲವೋ ಎಂದು ನೋಡಿತು ಎಂಬುದನ್ನು ಇತಿಹಾಸ ಕಲಿಸುವವಳಾಗಿ ನಾನು ಹೇಳಲೇಬೇಕು.

ಹೀಗೆ ಕಸಿದುಕೊಂಡದ್ದು ದೇಶಕ್ಕೆ ದೊಡ್ಡ ಅವಮಾನವೆನಿಸಿತ್ತು. 1887ರಲ್ಲಿ ಮದ್ರಾಸಿನಲ್ಲಿ ಸೇರಿದ ಮೂರನೆಯ ಕಾಂಗ್ರೆಸ್ಸು ಆಯುಧ ಕಾಯಿದೆಯನ್ನು ಸಡಿಲಿಸಬೇಕೆಂದು ಗೊತ್ತುವಳಿ ಮಾಡಿತು. ಅಹಿಂಸೆಯ ಗಾಂಧೀಜಿಯವರೂ ಒಂದು ಇಡೀ ರಾಷ್ಟ್ರದ ಆಯುಧ ಕಸಿದ ಆ ಕಾಯಿದೆಯನ್ನು ಕಟುವಾಗಿ ಖಂಡಿಸಿದ್ದರು. 1931ರ ಕರಾಚಿ ಕಾಂಗ್ರೆಸ್ಸಿನಲ್ಲಿ ಪ್ರಜೆಗಳ ಮೂಲಭೂತ ಹಕ್ಕುಗಳ ಪಟ್ಟಿ ಮಾಡಿದಾಗ ನಿಯಮಕ್ಕೊಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕೂ ಅದರಲ್ಲಿ ಇತ್ತು. ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು ಅದನ್ನು ಮೂಲಭೂತ ಹಕ್ಕೆಂದು ಸೇರಿಸಲು ತಿದ್ದುಪಡಿ ತಂದರು. ಡಾ. ಅಂಬೇಡ್ಕರ್ ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. ಸಂವಿಧಾನ ಕೊಟ್ಟದ್ದು ಶಾಂತರಾಗಿ, ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕು. ಸಿಖ್ಖರ ಕಿರ್ಪಾಣಕ್ಕೆ ಮಾತ್ರ ಧರ್ಮದ ಹಕ್ಕಿನ ಒಳಗೆ ಇಡೀ ದೇಶದಲ್ಲಿ ಮನ್ನಣೆ ಸಿಕ್ಕಿತು.

1948ರ ಮಾರ್ಚಿನಲ್ಲಿ ರಾಮದುರ್ಗ, ಮುಧೋಳ, ಜಮಖಂಡಿಗಳು ಮುಂಬಯಿ ಪ್ರಾಂತದಲ್ಲಿ ಸೇರಿದವು. ಮರುವರ್ಷ ಕೊಲ್ಲಾಪುರವೂ ಸೇರಿತು. ನಮ್ಮ ಅಜ್ಜಿಯ ತವರುಮನೆಗೂ ಗಂಡನ ಮನೆಗೂ ನಡುವೆ ಇದ್ದ ಸೀಮೆ ಅಳಿಯಿತು. 1956ರ ನವೆಂಬರ್ 1ರಂದು ನಾವೆಲ್ಲ ಒಂದು ರಾಜ್ಯದವರಾದೆವು. ಅಮೇರಿಕದಲ್ಲಿ ರಾಜ್ಯಕ್ಕೊಂದು ಕಾಯಿದೆಯಾದರೆ ನಮ್ಮಲ್ಲಿ ಇಡೀ ದೇಶಕ್ಕೆ ಒಂದೇ, 1959ರ ಆಯುಧ ಕಾಯಿದೆ. ಅಂದಮೇಲೆ ಸೀಮೆಗಲ್ಲಿನ ಜಗಳ ತೀರಿತೇ? ಪೂರ್ತಿ ತೀರಲಿಲ್ಲ. ಲೈಸೆನ್ಸಿನ ಪುಸ್ತಕದಲ್ಲಿ ಇದು ಎಲ್ಲಿಯವರೆಗೆ ನಡೆಯುತ್ತದೆ ಎಂದು ಬರೆಯುವ ಜಾಗವೊಂದಿದೆ. ಬೆಳೆ ಕಾಯಲೆಂದು ಕೊಟ್ಟ ನಾಡಬಂದೂಕಿನ ಹರವು ಆ ಸೀಮೆಯ ಹೊಲಗಳಷ್ಟೇ. ದೇಶದ ತುಂಬ ನಡೆಯುವ ಲೈಸೆನ್ಸು ಎಲ್ಲರಿಗೂ ಸುಲಭವಾಗಿ ಸಿಕ್ಕುವುದಲ್ಲ. ಬೆಳಗಾವಿಯ ರೈತ ತನ್ನ ಬಂದೂಕು ಹೆಗಲಿಗೇರಿಸಿ ಕೊಲ್ಲಾಪುರದ ಬೀಗರ ಮನೆಗೆ ಹಾಗೇ ಹೋಗುವಂತಿಲ್ಲ.

ಈ ಕಟ್ಟು ಏಕಿರಬೇಕು ಎನ್ನುವುದಕ್ಕೆ ದೂರದ ಕಾಶ್ಮೀರದ ಪ್ರಕರಣವನ್ನು ನೋಡಿರಿ. ಜಮ್ಮು ಮತ್ತು ಕಾಶ್ಮೀರದಲ್ಲಿ 2012ರಿಂದ 2016ರವರೆಗೆ ಎರಡೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಲೈಸೆನ್ಸುಗಳು ನಿಯಮ ಮೀರಿ ಹೊರಬಿದ್ದವೆಂದು, ಆ ರಾಜ್ಯದ ಗೊಡವೆಯೇ ಇಲ್ಲದ ಹೊರಗಿನವರಿಗೂ ಸಿಕ್ಕವೆಂದು ಸಿಬಿಐ ತನಿಖೆ ನಡೆಸಿತು. ಒಂದು ಕಚೇರಿಯ ಬಾಗಿಲು ಸಡಿಲಾದರೆ ಸಾಕು, ಅಲ್ಲಿಯ ಚೀಟಿ ಹಿಡಿದವನು ನಮ್ಮ ಸಂತೆಯಲ್ಲಿ ನಿಲ್ಲಬಹುದು. ಅವನಾರು, ಅವನಪ್ಪ ಯಾರು ಎಂದು ಇಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಈಗ ಪ್ರತಿ ಲೈಸೆನ್ಸಿಗೂ ದೇಶಕ್ಕೆಲ್ಲ ಒಂದೇ ಪಟ್ಟಿಯಲ್ಲಿ ಸಂಖ್ಯೆ ಕೊಟ್ಟಿದ್ದಾರೆ. ಪಟ್ಟಿ ಒಳ್ಳೆಯದೇ. ಆದರೆ ಪಟ್ಟಿಗೆ ಮನುಷ್ಯನ ಸಿಟ್ಟು ಕಾಣಿಸುವುದಿಲ್ಲ. ಕುಡಿದು ಬಂದು ಹೆಂಡತಿಯನ್ನು ಹೊಡೆಯುವವನು ಯಾರೆಂದು ಗೊತ್ತಿರುವುದು ಓಣಿಗೆ.

ಚೀಟಿಯೇ ಇಲ್ಲದವನ ಮಾತು ಬೇರೆ. 2015ರ ಫೆಬ್ರುವರಿಯಲ್ಲಿ ಕೊಲ್ಲಾಪುರದಲ್ಲಿ ಗೋವಿಂದ ಪಾನಸರೆಯವರ ಮೇಲೆ ಗುಂಡು ಹಾರಿತು. ಅದೇ ವರ್ಷದ ಆಗಸ್ಟ್ 30ರ ಮುಂಜಾನೆ ಧಾರವಾಡದ ಕಲ್ಯಾಣನಗರದ ಮನೆಯ ಬಾಗಿಲಲ್ಲಿ ಡಾ. ಎಂ. ಎಂ. ಕಲಬುರ್ಗಿಯವರನ್ನು ಕೊಂದರು. 2017ರ ಸಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್. ಕಲಬುರ್ಗಿಯವರನ್ನೂ ಗೌರಿಯವರನ್ನೂ ಕೊಂದದ್ದು ಒಂದೇ ನಾಡಪಿಸ್ತೂಲು ಎಂದು ಪ್ರಯೋಗಾಲಯದ ವರದಿ ಹೇಳಿತು. ನಮ್ಮ ಕಡೆಯ ಶಾಲಾ ಮಾಸ್ತರರಿಗೆಲ್ಲ ಕಲಬುರ್ಗಿ ಸರ್ ಗುರುಗಳ ಗುರುಗಳು. ಆ ದಿನ ಭಾನುವಾರ. ಸುದ್ದಿ ಕೇಳಿ ನಾನು ಅಡುಗೆಮನೆಯಲ್ಲಿ ಕುಸಿದು ಕುಳಿತೆ. ಆ ಪಿಸ್ತೂಲಿಗೆ ಯಾವ ಸೀಮೆಯೂ ಇರಲಿಲ್ಲ. ತನಿಖೆಗೆ ಮಾತ್ರ ಇತ್ತು: ಮಹಾರಾಷ್ಟ್ರದ ಪೊಲೀಸರು ಬೇರೆ, ಕರ್ನಾಟಕದವರು ಬೇರೆ. ನಮ್ಮ ಅಜ್ಜಿಯ ಮಾತು ಆಗ ಮತ್ತೆ ನೆನಪಾಯಿತು. ಕಳ್ಳರಿಗೆ ಸೀಮೆ ಇರಲಿಲ್ಲ.

ಹಾಗಾದರೆ ಒಳ್ಳೆಯವನ ಬಂದೂಕನ್ನು ಕಟ್ಟಿಹಾಕಿ ಉಪಯೋಗವೇನು ಎಂದು ಅಮೇರಿಕದ ಆ ಪಕ್ಷದವರು ಕೇಳಿಯಾರು. ಇದೇ ಪ್ರಶ್ನೆಯನ್ನು ನನ್ನ ತರಗತಿಯಲ್ಲಿ ಒಬ್ಬ ಹುಡುಗ ಬೇರೆ ರೀತಿಯಲ್ಲಿ ಕೇಳಿದ. ವಿಧಾನಸಭೆಯ ಚುನಾವಣೆಯ ಕಾಲ. ನಮ್ಮ ಜಿಲ್ಲೆಯಲ್ಲಿ ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕುಗಳನ್ನು ಪೊಲೀಸ್ ಠಾಣೆಯಲ್ಲಿ ಇಡಬೇಕೆಂದು ಹುಕುಂ ಬರುತ್ತದೆ. ಹಲಗಲಿಯ ಪಾಠ ಮುಗಿದಿತ್ತು. ಅವನು ಎದ್ದು ನಿಂತು, “ಟೀಚರ್, ಹಲಗಲಿಯವರು ಆಯುಧ ಕೊಡಲಿಲ್ಲ ಅಂತ ಅವರು ವೀರರು ಅಂದ್ರಿ. ನಮ್ಮಪ್ಪ ನಿನ್ನೆ ಬಂದೂಕು ಒಯ್ದು ಠಾಣೇಕ ಕೊಟ್ಟು ಬಂದ. ಹಂಗಾರ ನಮ್ಮಪ್ಪ ಹೇಡಿ ಏನ್ರಿ?” ಎಂದ. ತರಗತಿ ನಗಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು.

ನಾನು ಅವನಿಗೆ ಹೇಳಿದ್ದು ಇಷ್ಟು. ಹಲಗಲಿಯವರನ್ನು ಆಯುಧ ಕೊಡಿರೆಂದು ಕೇಳಿದವನು ತನ್ನ ಆಯುಧ ಕೊಟ್ಟಿರಲಿಲ್ಲ. ಆ ಕಾಯಿದೆ ಮಾಡಿದ ಸಭೆಯಲ್ಲಿ ಹಲಗಲಿಯವನೊಬ್ಬನೂ ಇರಲಿಲ್ಲ. ಅದು ತಪ್ಪು ಎಂದು ಹೇಳಲು ಅವರಿಗೆ ಹೋಗಲು ಒಂದು ಕೋರ್ಟೂ ಇರಲಿಲ್ಲ. ನಿಮ್ಮಪ್ಪ ಕೊಟ್ಟದ್ದು ಊರ ಗೌಡನೂ ಕೊಟ್ಟ ದಿನ, ಎಲ್ಲರೂ ಹೆದರಿಕೆಯಿಲ್ಲದೆ ಓಟು ಹಾಕಲಿ ಎಂದು, ರಸೀದಿ ತೆಗೆದುಕೊಂಡು. ಚುನಾವಣೆ ಮುಗಿದ ಮೇಲೆ ಆ ರಸೀದಿ ತೋರಿಸಿ ಅದನ್ನು ಮರಳಿ ತರುತ್ತಾನೆ. ಒಂದು ವೇಳೆ ಗೌಡನ ಬಂದೂಕು ಮನೆಯಲ್ಲಿಯೇ ಉಳಿದು ನಿಮ್ಮಪ್ಪನದು ಮಾತ್ರ ಠಾಣೆಗೆ ಹೋದರೆ, ಆಗ ನೀನು ಈ ಪ್ರಶ್ನೆಯನ್ನು ನನಗಲ್ಲ, ಮಾಮಲೇದಾರರಿಗೆ ಕೇಳು. ಹುಡುಗ ಕುಳಿತ. ಅವನಿಗೆ ಎಷ್ಟು ಸಮಾಧಾನವಾಯಿತೋ, ಆದರೆ ಮರುದಿನ ಅವನ ಅಪ್ಪ ಶಾಲೆಯ ಮುಂದೆ ಹಾಯ್ದುಹೋಗುವಾಗ ನನಗೆ ಕೈಯೆತ್ತಿ ನಮಸ್ಕಾರ ಮಾಡಿದ.

ಅಮೇರಿಕದ ಜಗಳಕ್ಕೂ ನನ್ನ ಉತ್ತರ ಹೆಚ್ಚುಕಡಿಮೆ ಇದೇ. ಒಂದು ಸೀಮೆಯ ಚೀಟಿ ಇನ್ನೊಂದು ಸೀಮೆಯಲ್ಲಿ ನಡೆಯಬೇಕಾದರೆ ಎರಡೂ ಕಡೆ ಚೀಟಿ ಕೊಡುವ ಮೊದಲು ಕೇಳುವ ಪ್ರಶ್ನೆಗಳು ಒಂದೇ ಇರಬೇಕು. ದೊಡ್ಡವನಿಗೂ ಸಣ್ಣವನಿಗೂ ಅವೇ ಪ್ರಶ್ನೆಗಳಿರಬೇಕು. ಚೀಟಿ ಕೊಟ್ಟ ಅಧಿಕಾರಿ, ಆ ಬಂದೂಕು ನೂರು ಮೈಲು ದೂರದಲ್ಲಿ ಹಾರಿದರೂ ತಾನು ಉತ್ತರ ಕೊಡಬೇಕು ಎಂದು ತಿಳಿದಿರಬೇಕು. ಇವು ಇಲ್ಲದೆ ನನ್ನ ಚೀಟಿಯನ್ನು ನೀನು ಒಪ್ಪಲೇಬೇಕು ಎಂದು ಒತ್ತಾಯಿಸುವುದು ಮುಧೋಳದ ಮೊಹರಿನಲ್ಲಿ ಕಂಪನಿಯ ಮಾತನ್ನು ಕಳಿಸಿದಂತೆಯೇ ಆಗುತ್ತದೆ.

ನನ್ನ ಓದುಗ ಸೋದರಿಯರು ಬಹಳಷ್ಟು ಮಂದಿ, ಬಂದೂಕಿನ ಸುದ್ದಿ ಗಂಡಸರದು, ನಮಗೇಕೆ ಎಂದುಕೊಳ್ಳುತ್ತಿರಬಹುದು. ನಮ್ಮ ಓಣಿಯ ಒಬ್ಬ ಅಕ್ಕನಿಗೂ ಹಾಗೇ ಅನಿಸಿತ್ತು. ಅವರ ಯಜಮಾನರು ತೀರಿಕೊಂಡು ಎರಡು ವರ್ಷವಾದ ಮೇಲೆ, ಅಟ್ಟದ ಮೇಲೆ ಗೋಣಿತಟ್ಟಿನಲ್ಲಿ ಸುತ್ತಿಟ್ಟ ಬಂದೂಕು ಇದೆಯೆಂದು ಮಗ ತೋರಿಸಿದ. ಅಕ್ಕ ಗಾಬರಿಯಾಗಿ ನನ್ನ ಹತ್ತಿರ ಬಂದರು. “ಮಾರಿದರ ತಪ್ಪೇನ್ರಿ ಅಕ್ಕಾರ? ನಮ್ಮ ತಮ್ಮ ಮೀರಜದಾಗ ಅದಾನ, ಅವನ ಕಡೆ ಕಳಸ್ಲೇನು?” ಎಂದು ಕೇಳಿದರು. ಕಳಿಸಬಾರದು ಎಂದು ಹೇಳಿದೆ. ಲೈಸೆನ್ಸು ಯಜಮಾನರ ಹೆಸರಿನದು; ಅವರೊಡನೆ ಅದೂ ತೀರಿತು. ಅದನ್ನು ಮನೆಯಲ್ಲಿ ಇಟ್ಟುಕೊಂಡರೂ ತಪ್ಪು, ರಾಜ್ಯದ ಗೆರೆ ದಾಟಿಸಿದರಂತೂ ಇನ್ನೂ ದೊಡ್ಡ ತಪ್ಪು. ಹಕ್ಕಿಲ್ಲದವರ ಕೈಗೆ ಬಂದ ಬಂದೂಕನ್ನು ತಡಮಾಡದೆ ಠಾಣೆಯಲ್ಲಿ ಇಲ್ಲವೆ ಲೈಸೆನ್ಸುಳ್ಳ ವ್ಯಾಪಾರಿಯಲ್ಲಿ ಇಡಬೇಕೆಂದು ಕಾಯಿದೆ ಹೇಳುತ್ತದೆ. ಆಮೇಲೆ ವಾರಸುದಾರರು ಬೇಕಾದರೆ ತಮ್ಮ ಹೆಸರಿಗೆ ಅರ್ಜಿ ಹಾಕಿಕೊಳ್ಳಬಹುದು, ಬೇಡವಾದರೆ ನಿಯಮದ ಪ್ರಕಾರ ಮಾರಬಹುದು. ನಾವಿಬ್ಬರೂ ಅರ್ಜಿ ಬರೆದು, ಮರಣದ ದಾಖಲೆ ಲಗತ್ತಿಸಿ, ಠಾಣೆಗೆ ಹೋದೆವು. ಫೌಜದಾರರು ನಳಿಗೆ ಬಿಚ್ಚಿ ನೋಡಿದರು. ಒಳಗೆ ಒಂದು ತೋಟೆ ಉಳಿದಿತ್ತು. ಆ ಅಟ್ಟದ ಕೆಳಗೆ ಎರಡು ವರ್ಷ ಅಕ್ಕನ ಮೊಮ್ಮಕ್ಕಳು ಮಲಗಿದ್ದರು.

ಆದ್ದರಿಂದ ನಿಮ್ಮ ತವರಿನಲ್ಲಾಗಲಿ ಗಂಡನ ಮನೆಯಲ್ಲಾಗಲಿ ಬಂದೂಕು ಇದ್ದರೆ ನಾಲ್ಕು ಮಾತು ಕೇಳಿ ತಿಳಿದುಕೊಳ್ಳಿರಿ. ಲೈಸೆನ್ಸು ಯಾರ ಹೆಸರಿನಲ್ಲಿದೆ? ಎಂದಿನವರೆಗೆ ಇದೆ? 2019ರ ತಿದ್ದುಪಡಿಯ ನಂತರ ಅದರ ಅವಧಿ ಐದು ವರ್ಷ. ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಅದು ಯಾವ ಸೀಮೆಯವರೆಗೆ ನಡೆಯುತ್ತದೆಂದು ಬರೆದಿದೆ? ಬೀಗದ ಕೈ ಯಾರ ಹತ್ತಿರ ಇದೆ? ಗಂಡಸರು ಇದನ್ನು ಕೇಳಿ ನಕ್ಕರೆ ನಗಲಿ. ನರಗುಂದದ ಆ ಅತ್ತೆ ಸೊಸೆಯರನ್ನು ತೋಪು ಕೊಡಬೇಕೋ ಬಿಡಬೇಕೋ ಎಂದು ಯಾರೂ ಕೇಳಿರಲಿಲ್ಲ. ಕಡೆಗೆ ಮಲಪ್ರಭೆಯ ದಂಡೆಯವರೆಗೆ ನಡೆದು ಹೋದವರು ಅವರಿಬ್ಬರು.